ಸಮುದ್ರ ತೊಳೆದವಳು

ನಮ್ಮ ಮನೆ ಮುಂದಿನ ಕರಿಬೇವಿನ ಗಿಡ ಈಚೆಗೆ ಬಲು ಸೊಂಪಾಗಿ ಬೆಳೆದಿದೆ. ಎದುರು ಮನೆಯ ಕಮಲಮ್ಮ ದಿನ ಬಿಟ್ಟು ದಿನ ಬಂದು ಎರಡು ಎಸಳು ಮುರಿದುಕೊಂಡು ಹೋಗುತ್ತಾರೆ, ಹೋಗುವಾಗಲೆಲ್ಲ ಏನು ಗೊಬ್ಬರ ಹಾಕುತ್ತೀರಿ ಎಂದು ಕೇಳುತ್ತಾರೆ. ಕೊಟ್ಟಿಗೆ ಗೊಬ್ಬರ ಎಂದು ಸುಳ್ಳು ಹೇಳುತ್ತೇನೆ. ಕಮಲಮ್ಮ ನಮ್ಮ ಹಾಗೆಯೇ ಲಿಂಗ ಕಟ್ಟಿದವರು, ಮೊಟ್ಟೆ ಹಾಕಿದ ಕೇಕು ಮನೆಗೆ ಬಂದರೆ ತಟ್ಟೆಯ ಸಮೇತ ಆಚೆಗೆ ಇಡುವವರು. ಅವರ ಮನೆಯ ಒಗ್ಗರಣೆಯಲ್ಲಿ ಘಮ್ಮೆನ್ನುವ ಆ ಸೊಪ್ಪಿನ ಬೇರಿನಡಿ ಸಮುದ್ರದ ಮೀನುಗಳು ಮಲಗಿವೆ ಎಂದು ಯಾವ ಬಾಯಲ್ಲಿ ಹೇಳಲಿ? ಹೂತವಳು ನಾನೇ. ಒಂದೊಂದನ್ನೂ ಬಾಳೆ ಎಲೆಯ ಚೂರಿನಲ್ಲಿ ಸುತ್ತಿ, ಮೀನಿಗೆ ಹಣೆ ಎಲ್ಲಿರುತ್ತದೆಂದು ಗೊತ್ತಾಗದೆ ಅಂದಾಜಿನ ಮೇಲೆ ಚಿಟಿಕೆ ವಿಭೂತಿ ಹಚ್ಚಿ, ಮಣ್ಣು ಮಾಡಿದ್ದೇನೆ. ನಮ್ಮ ಜನದಲ್ಲಿ ಸುಡುವ ಪದ್ಧತಿ ಇಲ್ಲ.

ಇದನ್ನು ಹೇಳಿಕೊಂಡು ನಗುವುದಕ್ಕೆ ಮನೆಯಲ್ಲಿ ಈಗ ಇನ್ನೊಬ್ಬರಿಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಮಾಗಡಿ ಸೀಮೆಯ ಕಲ್ಯದಲ್ಲಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಕೊಟ್ಟಿದ್ದು ರಾಮನಗರಕ್ಕೆ, ಗೂಡು ಬೇಯಿಸಿ ನೂಲು ತೆಗೆಯುವ ಮನೆಗೆ. ನಮ್ಮಪ್ಪ ಗೂಡು ಮಾರಲು ಮಾರುಕಟ್ಟೆಗೆ ಬರುತ್ತಿದ್ದರು, ನಮ್ಮವರು ಕೊಳ್ಳಲು ಬರುತ್ತಿದ್ದರು. ರಾಶಿಯೊಳಗೆ ಮೊಣಕೈವರೆಗೂ ಬಲಗೈ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು, ಅದರಲ್ಲೊಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಇಡೀ ರಾಶಿಯ ಹಣೆಬರಹ ಹೇಳಿಬಿಡುತ್ತಿದ್ದರಂತೆ. ನಾಲ್ಕಾರು ಬೆಳೆ ನಮ್ಮ ಗೂಡನ್ನೇ ಕೊಂಡು, ಒಂದು ದಿನ ಹೆಣ್ಣು ನೋಡಲು ಬಂದರು. ನನ್ನನ್ನು ಮಾತ್ರ ಅಲ್ಲಾಡಿಸಿ ನೋಡದೆ ಒಪ್ಪಿಬಿಟ್ಟಿರಲ್ಲ ಎಂದು ಮದುವೆಯಾದ ಮೇಲೆ ನಾನು ರೇಗಿಸುತ್ತಿದ್ದೆ. ಬಾಗಿಲಿಗೆ ಬರುವ ಮೊದಲೇ ಬಾಯಿ ಅಷ್ಟು ಸದ್ದು ಮಾಡುತ್ತಿರುವಾಗ ಅಲ್ಲಾಡಿಸುವುದು ಯಾಕೆ ಎನ್ನುತ್ತಿದ್ದರು. ಅವರ ಹೆಸರು ಮಹದೇವಪ್ಪ. ನಾನು ಹೆಸರು ಹಿಡಿದು ಕರೆದವಳಲ್ಲ, ಬರೆಯುವಾಗಲೂ ಕೈ ಒಸಿ ತಡೆಯುತ್ತದೆ.

ಒಂದು ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೆಯೇ ಲಕ್ವ ಹೊಡೆಯಿತು. ಆ ಬಲಗೈಯೇ ಮೊದಲು ಹೋಯಿತು, ಕಾಲು ಅದರ ಹಿಂದೆ. ಮಾತು ಹೋಗುವಾಗ ಅದೇನು ಕರುಣೆಯೋ, ಒಂದೇ ಒಂದು ಪದವನ್ನು ಬಿಟ್ಟು ಹೋಯಿತು. 'ಸರಿ.' ಕಾಫಿ ಬೇಕಾ? ಸರಿ. ನೋವಿದೆಯಾ? ಸರಿ. ಬೇಡವಾ? ಸರಿ. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಪದ ಕೇಳಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆನೋ ದೇವರಿಗೇ ಗೊತ್ತು. ಹೀಗೆ ಸಿಗುತ್ತದೆ ಅಂತ ತಿಳಿದಿದ್ದರೆ ಆಸೆಯನ್ನೇ ಪಡುತ್ತಿರಲಿಲ್ಲ.

ಮಾತಿಗಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅವರ ಕಣ್ಣು. ಯಾರನ್ನೂ ನೋಡುತ್ತಿರಲಿಲ್ಲ. ಎದುರಿಗೆ ಕೂತರೆ ನನ್ನ ಭುಜದ ಮೇಲಿಂದ ಗೋಡೆಯನ್ನು ನೋಡುತ್ತಿದ್ದರು. ಕನಕಪುರದಿಂದ ಮಗಳು ಬಂದರೂ ಅಷ್ಟೇ. ಅಂಥವರನ್ನು ಬೆಂಗಳೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, ಸರದಿಗೆ ಕಾಯುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿಯಿತ್ತು. ಉಪ್ಪುನೀರಿನದು. ಒಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಬೆರಳುದ್ದದ ಮೀನು, ಗಂಡಿನ ಕಡೆಯವರು ಬಂದಾಗ ಓಡಾಡುವ ತುಂಟ ಹುಡುಗಿಯ ಹಾಗೆ ಮುಂದೆ ಹಿಂದೆ ಸುಳಿಯುತ್ತಿತ್ತು. ನಮ್ಮವರು ಅದನ್ನು ನೋಡಿದರು. ಸುಮ್ಮನೆ ಕಣ್ಣು ಹಾಯಿಸಿದ್ದಲ್ಲ, ನೋಡಿದರು. ಆಮೇಲೆ ಯಾರೂ ಹೇಳದೆ ಎಡಗೈ ಎತ್ತಿ ಗಾಜಿನ ಮೇಲೆ ಬೆರಳಿಟ್ಟರು. ಮೀನು ಬಂದು ಬೆರಳಿನ ಎದುರಿಗೆ ನಿಂತಿತು. 'ಸರಿ,' ಎಂದರು ನಮ್ಮವರು. ಆ ಸರಿಯಲ್ಲಿ ಅರ್ಥವಿತ್ತು.

ಮನೆಗೆ ಬರುವ ಹೊತ್ತಿಗೆ ನಾನು ನಿರ್ಧರಿಸಿಯಾಗಿತ್ತು. ಆ ಮೀನು ನಮ್ಮ ಮನೆಯಲ್ಲಿ ಈಜಿದರೆ ಇವರ ಕಣ್ಣು ಮತ್ತೆ ಮನೆಗೆ ಬರುತ್ತದೆ. ಮೀನು ಉಳಿದರೆ ಇವರು ಉಳಿಯುತ್ತಾರೆ. ಡಾಕ್ಟರು ಹೇಳಿದ್ದಲ್ಲ, ದೇವರು ಹೇಳಿದ್ದಲ್ಲ, ನಾನೇ ಕಟ್ಟಿಕೊಂಡ ಲೆಕ್ಕ. ಮಗಳು, ಉಪ್ಪುನೀರಿನದು ಕಷ್ಟವಮ್ಮ, ಸಿಹಿನೀರಿನ ಗೋಲ್ಡ್ ಫಿಶ್ ಸಾಕು ಎಂದು ಒಂದು ಗಾಜಿನ ಬುರುಡೆಯಲ್ಲಿ ತಂದು ಮುಂದಿಟ್ಟಳು. ಅವರು ಒಂದು ಸಲ ನೋಡಿ ಮುಖ ತಿರುಗಿಸಿದರು. ಕಳಪೆ ಗೂಡನ್ನು ರಾಶಿಗೆ ವಾಪಸು ಎಸೆಯುತ್ತಿದ್ದಾಗಿನ ಮುಖವೇ ಅದು. ಬುರುಡೆ ಬಂದ ದಾರಿಯಲ್ಲೇ ಕನಕಪುರಕ್ಕೆ ಹೋಯಿತು.

ರಾಮನಗರದಲ್ಲಿ ಸಮುದ್ರ ಮಾಡುವುದು ಹೇಗೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊದಲು ಗಾಜಿನ ತೊಟ್ಟಿ. ಆಮೇಲೆ ಶುದ್ಧ ನೀರಿನ ಘಟಕದಿಂದ ಕ್ಯಾನುಗಟ್ಟಲೆ ನೀರು. ಅದಕ್ಕೆ ಚೀಲದಲ್ಲಿ ಬರುವ ಸಮುದ್ರದ ಉಪ್ಪು. ಅಡುಗೆ ಉಪ್ಪು ಆಗುವುದಿಲ್ಲ, ನಾನು ಕೇಳಿ ಬೈಸಿಕೊಂಡಿದ್ದೇನೆ. ತಳಕ್ಕೆ ಮರಳು, ಮೇಲೆ ಕಲ್ಲು. ಕಲ್ಲನ್ನೂ ಬೆಂಗಳೂರಿನ ಅಂಗಡಿಯಿಂದ ತರಬೇಕು ಎಂದಾಗ ಮಾತ್ರ ನಾನು ತಿರುಗಿಬಿದ್ದೆ. ಎತ್ತ ನೋಡಿದರೂ ಬಂಡೆ, ಬೆಟ್ಟ, ಗುಂಡು ಇರುವ ಊರಿಗೆ ಬ್ಯಾಗಿನಲ್ಲಿ ಕಲ್ಲು ಹೊತ್ತು ತರುವುದೇ! ಅಂಗಡಿಯ ಹುಡುಗ, ಹುಡುಗ ಎಂದರೆ ಮದುವೆಯಾಗಿ ಮಕ್ಕಳಿರುವವನು, ತಾಳ್ಮೆಯಿಂದ ಹೇಳಿದ: ಆಂಟಿ, ಇದು ತೂತು ತೂತಾದ ಕಲ್ಲು, ಇದರೊಳಗೆ ಜೀವ ಕೂರುತ್ತೆ. ಕಲ್ಲಿನಲ್ಲಿ ಜೀವ ಕೂರಿಸುವುದನ್ನು ನಮಗೆ ಹೇಳಿಕೊಡಬೇಕಾ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜಿಸುವವರಿಗೆ, ಎಂದು ತಿರುಗಿ ಹೇಳಿ ಕಲ್ಲು ತಂದೆ. ಅವನು ಇನ್ನೂ ಒಂದು ಮಾತು ಹೇಳಿದ್ದ. ತೊಟ್ಟಿ ಕಟ್ಟಿದ ಮೇಲೆ ತಿಂಗಳು ಎರಡು ತಿಂಗಳು ಮೀನು ಹಾಕಬೇಡಿ, ಸುಮ್ಮನೆ ಬಿಟ್ಟುಬಿಡಿ, ನೀರು ಹದಕ್ಕೆ ಬರಲಿ. ಖಾಲಿ ತೊಟ್ಟಿಲು ತೂಗಬಾರದು ಎನ್ನುವ ಊರಿನವಳು ನಾನು. ಅದೂ ಅಲ್ಲದೆ, ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿರುವ ಮನುಷ್ಯನಿಗೆ ಎರಡು ತಿಂಗಳು ಬರೀ ನೀರು ತೋರಿಸಲಾ? ಮುಂದಿನ ವಾರವೇ ಹೋಗಿ ಮೀನು ತಂದೆ.

ರೈಲಿನಲ್ಲಿ ತಂದೆ. ಆಫೀಸು ಬಿಟ್ಟ ಜನದ ನಡುವೆ, ಮಡಿಲಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು. ಬಿಡದಿ ಬರುವ ಹೊತ್ತಿಗೆ ಡಬ್ಬಿಯ ಅರ್ಧ ಜನಕ್ಕೆ ನಮ್ಮ ಮನೆಯ ಕಥೆ ಗೊತ್ತಾಗಿತ್ತು. ನಿಂತಿದ್ದ ಒಬ್ಬಾಕೆ, ಸಾರಿಗಾ ಎಂದು ಕೇಳಿದರು. ಅಲ್ಲ, ನಮ್ಮ ಯಜಮಾನರಿಗೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಆ ಮೀನು ಮನೆಗೆ ಬಂದ ದಿನ ನಮ್ಮವರು ಎರಡು ರಾಗಿ ಮುದ್ದೆ ಉಂಡರು. ಎಡಗೈಯಲ್ಲಿ ಚಿಟಿಕೆ ಆಹಾರ ಹಾಕುವುದು ಕಲಿತರು. ಆ ಆಹಾರ ಸೀಗಡಿ ಪುಡಿಯದು. ಡಬ್ಬವನ್ನು ದೇವರ ಗೂಡಿನಿಂದ ಆದಷ್ಟು ದೂರ, ಪೊರಕೆಯ ಪಕ್ಕ ಇಟ್ಟಿದ್ದೆ. ಅವರು ಚಿಟಿಕೆ ಹಾಕಿದರೆ, ಅವರು ಆ ಕಡೆ ತಿರುಗಿದಾಗ ನಾನು ಇನ್ನೊಂದು ಚಿಟಿಕೆ ಹಾಕುತ್ತಿದ್ದೆ. ಪಾಪ, ತೆಳ್ಳಗಿದೆ ಎಂದು. ಹುಳುವಿಗೆ ಸೊಪ್ಪು ಹಾಕಿ ಬೆಳೆದ ಕೈ ಇದು. ಕೊನೆಯ ಹಂತದ ಹುಳುವಿಗೆ ಹೊರೆಗಟ್ಟಲೆ ಸೊಪ್ಪು ಸುರಿದರೂ ಮಳೆ ಹುಯ್ದ ಹಾಗೆ ಸದ್ದು ಮಾಡಿಕೊಂಡು ತಿಂದು ಮುಗಿಸುತ್ತದೆ. ಮೀನು ಹಾಗಲ್ಲ ಎಂದು ನನಗೆ ಹೊಳೆಯಲಿಲ್ಲ. ವಾರ ಕಳೆಯುವುದರೊಳಗೆ ಅದು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿತು. ಆಮೇಲೆ ಒಂದು ಬೆಳಿಗ್ಗೆ ಕಲ್ಲಿನ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿತ್ತು.

ಈಗ ನಾನು ಏನು ಮಾಡಿದೆ ಎಂದು ಹೇಳಬೇಕು. ಅದಕ್ಕೆ ಮೊದಲು ನೀವು ಹುಳು ಮನೆಯೊಳಗೆ ಒಂದು ಹೆಜ್ಜೆ ಇಡಬೇಕು, ಕಾಲು ತೊಳೆದುಕೊಂಡು. ನಮ್ಮವ್ವ ಹೊಸ್ತಿಲ ಮುಂದೆ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತಟ್ಟೆ ಇಟ್ಟಿರುತ್ತಿದ್ದಳು. ಪಾದ ಅದ್ದದೆ ಒಳಗೆ ಬಂದರೆ ಸ್ವಂತ ಅಣ್ಣನನ್ನೂ ಆಚೆಗೆ ಅಟ್ಟುತ್ತಿದ್ದಳು. ಹೊರಗಿನವರಂತೂ ಬಾಗಿಲಲ್ಲೇ ನಿಂತು ಮಾತಾಡಿ ಹೋಗಬೇಕು. ರೇಷ್ಮೆ ಹುಳುವಿಗೆ ನೂರೆಂಟು ಕಾಯಿಲೆ. ಹಾಲುತೊಂಡೆ ಎಂಬುದೊಂದು, ಸುಣ್ಣಕಟ್ಟು ಎಂಬುದೊಂದು. ಒಂದು ಹುಳುವಿಗೆ ತಗುಲಿದರೆ ನೋಡುನೋಡುತ್ತ ಇಡೀ ಬೆಳೆ ಹೋಗುತ್ತದೆ. ಕಣ್ಣಿಗೆ ಕಾಣದ ಕ್ರಿಮಿಯೇ ನಮ್ಮ ಶತ್ರು. ಹಾಗಾಗಿ ಪ್ರತಿ ಬೆಳೆ ಮುಗಿದ ಮೇಲೂ ತಟ್ಟೆ, ಬಲೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವನ್ನೂ ಹೊರಗೆ ಹಾಕಿ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಗೋಡೆಗೆ ಸುಣ್ಣ ಹೊಡೆದು, ಕಣ್ಣು ಉರಿಯುವ ತನಕ ಮನೆ ತೊಳೆಯಬೇಕು. ಬೆಳೆ ಸತ್ತುಹೋದರಂತೂ ಎರಡು ಪಟ್ಟು ತೊಳೆಯಬೇಕು. ಸಾವು ಬಂದ ಜಾಗದಲ್ಲಿ ಅದರ ವಾಸನೆಯೂ ಉಳಿಯಬಾರದು. ಅವ್ವ ಅಳುತ್ತಲೇ ಉಜ್ಜುತ್ತಿದ್ದದ್ದು ನನಗೆ ನೆನಪಿದೆ. ಅಳುವುದಕ್ಕೆ ಬೇರೆ ಹೊತ್ತು ಅವಳಿಗೆ ಸಿಗುತ್ತಿರಲಿಲ್ಲ.

ಹಾಗಾಗಿ ಮೀನು ಸತ್ತಾಗ ನಾನು ಸೆರಗು ಸಿಕ್ಕಿಸಿ ಮಾಡಿದ್ದು ನನಗೆ ಗೊತ್ತಿದ್ದ ಒಂದೇ ಕೆಲಸ. ಅಷ್ಟೂ ನೀರನ್ನು ಚರಂಡಿಗೆ ಚೆಲ್ಲಿದೆ. ಕಲ್ಲು, ಮರಳು ಎರಡನ್ನೂ ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿ, ಉಜ್ಜಿ, ಹತ್ತು ನೀರಿನಲ್ಲಿ ಜಾಲಿಸಿ, ತಾರಸಿಯ ಮೇಲೆ ಸಂಡಿಗೆಯ ಹಾಗೆ ಒಣಹಾಕಿದೆ. ತೊಟ್ಟಿಯ ಗಾಜು ಉಜ್ಜಿದ ಪರಿಗೆ ಎದುರು ಮನೆಯ ಕಮಲಮ್ಮ ಅದರಲ್ಲಿ ತಲೆ ಬಾಚಿಕೊಳ್ಳಬಹುದಿತ್ತು. ಹೊಸ ನೀರು, ಹೊಸ ಉಪ್ಪು, ಹೊಸ ಮೀನು. ಮೊದಲಿನದರ ತದ್ರೂಪಿಯನ್ನೇ ಆರಿಸಿ ತಂದು, ನಮ್ಮವರು ಮಲಗಿದ್ದಾಗ ಒಳಗೆ ಬಿಟ್ಟೆ. ಎದ್ದು ಬಂದು ಕೂತು ಅದನ್ನು ನೋಡಿದರು. ನನ್ನನ್ನು ನೋಡಿದರು. 'ಸರಿ,' ಎಂದರು. ನೂರಾರು ಗೂಡಿನಲ್ಲಿ ಒಂದನ್ನು ಗುರುತಿಸುವವರ ಹತ್ತಿರ ನಾನು ಆಟ ಕಟ್ಟಲು ಹೋಗಿದ್ದೆ.

ಎರಡನೆಯದೂ ಸತ್ತಿತು. ಇನ್ನೂ ಚೆನ್ನಾಗಿ ತೊಳೆದೆ. ಮೂರನೆಯದೂ ಸತ್ತಿತು. ಬಕೀಟು ಬಕೀಟು ತೊಳೆದೆ, ಕೈಯ ಚರ್ಮ ಸುಲಿಯುವ ಹಾಗೆ ತೊಳೆದೆ. ಆಮೇಲೆ ಇನ್ನೊಂದು, ಇನ್ನೊಂದು. ಕಬ್ಬಾಳಿಗೆ ಹೋಗುತ್ತಿದ್ದ ಬೀದಿಯವರ ಕೈಯಲ್ಲಿ ಕಬ್ಬಾಳಮ್ಮನಿಗೆ ಹರಕೆಯ ಸೀರೆಯನ್ನೂ ಕಳಿಸಿದೆ. ಜನ ಮಗುವಿಗೆ, ಮದುವೆಗೆ, ಕೋರ್ಟಿನ ಕೇಸಿಗೆ ಹರಕೆ ಹೊರುತ್ತಾರೆ. ಬೆರಳುದ್ದದ ಮೀನಿಗೆ ಹೊತ್ತವಳು ನಾನೊಬ್ಬಳೇ ಇರಬೇಕು. ಏನಕ್ಕೆ ಹರಕೆ ಎಂದು ಕೇಳಿದರೆ ಮನೆಯವರಿಗೆ ಎಂದೆ. ಅದೇನೂ ಸುಳ್ಳಲ್ಲ.

ಕೊನೆಯದು ಸತ್ತ ದಿನ ನಮ್ಮವರು ಎಡಗಾಲನ್ನು ನೆಲಕ್ಕೆ ಊರಿ, ತಮ್ಮ ಕುರ್ಚಿಯನ್ನು ತಾವೇ ಇಷ್ಟಿಷ್ಟೇ ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತರು. ಮಧ್ಯಾಹ್ನ ಬಾಯಿ ಬಿಡಲಿಲ್ಲ. ಸಂಜೆಯೂ ಬಿಡಲಿಲ್ಲ. ನಾನು ಅಡುಗೆಮನೆಗೆ ಹೋಗಿ, ಗಟ್ಟಿಯಾಗಿ ಅಳುವುದಕ್ಕೂ ಆಗದೆ, ಅಂಗಡಿಯವನಿಗೆ ಫೋನ್ ಮಾಡಿ ಜಗಳಕ್ಕೆ ನಿಂತೆ. ಸಾಯುವ ಮೀನನ್ನೇ ನನಗೆ ಆರಿಸಿ ಕೊಡುತ್ತೀಯಾ ಎಂದೆ. ನಮ್ಮ ಮನೆಯಷ್ಟು ಶುದ್ಧವಾದ ತೊಟ್ಟಿ ನಿನ್ನ ಬೆಂಗಳೂರಿನಲ್ಲಿ ಒಂದಿದ್ದರೆ ತೋರಿಸು ಎಂದೆ. ಅವನು, ಆಂಟಿ, ನೀವು ಏನೇನು ಮಾಡ್ತೀರಿ ಮೊದಲಿಂದ ಹೇಳಿ ಎಂದ. ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ, ಬ್ಲೀಚಿಂಗ್ ಪುಡಿ, ಬಿಸಿಲು, ಹತ್ತು ನೀರು.

"ಆಂಟಿ," ಎಂದ ಕೊನೆಗೆ, "ನೀವು ಪ್ರತಿ ಸಲ ಮೊದಲು ಸಮುದ್ರಾನ ಸಾಯಿಸ್ತಿದ್ದೀರಿ. ಮೀನು ಆಮೇಲೆ ಸಾಯ್ತಿದೆ."

ಅವನು ಬೈಯಲಿಲ್ಲ, ಬಿಡಿಸಿ ಹೇಳಿದ. ಮೀನು ತಿಂದದ್ದು, ತಿನ್ನದೆ ಬಿಟ್ಟದ್ದು, ಅದರ ಉಚ್ಚೆ ಎಲ್ಲ ಸೇರಿ ನೀರು ವಿಷವಾಗುತ್ತದೆ. ಆ ವಿಷವನ್ನು ತಿಂದು ಅರಗಿಸಲು ಕಣ್ಣಿಗೆ ಕಾಣದ ಕ್ರಿಮಿಗಳು ಬೇಕು. ಅವು ಕಲ್ಲಿನ ತೂತಿನಲ್ಲಿ, ಮರಳಿನ ಕಣದಲ್ಲಿ ತಾವಾಗಿ ಬಂದು ಮನೆ ಮಾಡಿಕೊಳ್ಳಬೇಕು, ಅದಕ್ಕೇ ಆ ಎರಡು ತಿಂಗಳು. ನಾನು ಮಾಡಿದ್ದೇನೆಂದರೆ, ಅವು ಹೇಗೋ ಒಂದಿಷ್ಟು ಬಂದು ಕೂರುವ ಹೊತ್ತಿಗೆ ಬ್ಲೀಚಿಂಗ್ ಪುಡಿ ಸುರಿದು ಅವುಗಳ ವಂಶ ತೆಗೆದು, ಖಾಲಿ ಮನೆಗೆ ಹೊಸ ಮೀನನ್ನು ಬಿಟ್ಟದ್ದು. ನಮ್ಮವ್ವನ ಹುಳು ಮನೆಯಲ್ಲಿ ಬದುಕು ಉಳಿಸಿದ್ದೇ ಇಲ್ಲಿ ಬದುಕು ತೆಗೆಯಿತು. ಫೋನ್ ಇಟ್ಟ ಮೇಲೆ ನೆಲದ ಮೇಲೆ ಕೂತುಬಿಟ್ಟೆ. ಅಷ್ಟು ಮೀನುಗಳಿಗೆ ವಿಭೂತಿ ಹಚ್ಚಿದ್ದ ಕೈಯನ್ನು ನೋಡಿಕೊಂಡೆ. ಕೈ ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯುತ್ತಿತ್ತು. ಕೈ ಮಾತ್ರವೇ ಅಲ್ಲ, ಇಡೀ ಮನೆಯೇ ಹೊಡೆಯುತ್ತಿತ್ತು. ನಮ್ಮವರ ಹಾಸಿಗೆ, ಕುರ್ಚಿ, ಅವರು ಹಿಡಿದು ನಡೆಯುವ ಗೋಡೆ, ಎಲ್ಲವೂ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಸೋಂಕು ತಗುಲದ ಹಾಗೆ ಜೋಪಾನ ಎಂದು ಹೇಳಿದ್ದರು. ಆ ಮಾತನ್ನು ಬೇರೆ ಯಾರಿಗಾದರೂ ಹೇಳಬಹುದು, ಹುಳು ಮನೆಯ ಹೆಣ್ಣಿಗೆ ಹೇಳಬಾರದು. ಬಾಗಿಲಲ್ಲಿ ನಾನೂ ಒಂದು ತಟ್ಟೆ ಇಟ್ಟಂತೆಯೇ ಆಗಿತ್ತು. ನೋಡಲು ಬಂದವರನ್ನು ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು, ಅವರು ಮಲಗಿದ್ದಾರೆ ಎಂದು ಕಳಿಸುತ್ತಿದ್ದೆ. ಹಾಗೆ ಕಳಿಸಿದವರಲ್ಲಿ ಮೊದಲನೆಯವರು ನಂಜುಂಡಣ್ಣ. ನಮ್ಮವರ ಜೊತೆಯಲ್ಲೇ ನೂಲು ಬಿಚ್ಚುವ ಕಸುಬಿಗೆ ಇಳಿದವರು, ದಿನಾ ಬೆಳಿಗ್ಗೆ ಜೊತೆಯಲ್ಲೇ ಮಾರುಕಟ್ಟೆಗೆ ಹೋಗುತ್ತಿದ್ದವರು. ಬೇಯಿಸಿದ ಗೂಡಿನ ವಾಸನೆ ಅವರಿಗಿಂತ ಮೊದಲು ಬಾಗಿಲಿಗೆ ಬರುತ್ತದೆ. ಒಳಗೆ ಸತ್ತ ಹುಳುವಿನ ಆ ನಾತ ಗೊತ್ತಿಲ್ಲದವರು ರಾಮನಗರದವರೇ ಅಲ್ಲ. ಕಾಲಲ್ಲಿ ಮಣ್ಣು, ಬಾಯಲ್ಲಿ ಎಲೆಯಡಿಕೆ. ಹತ್ತಾರು ಸಲ ಬಂದು, ಹತ್ತಾರು ಸಲ ಜಗಲಿಯಿಂದಲೇ ಹಿಂದಿರುಗಿ, ಆಮೇಲೆ ಬರುವುದನ್ನು ಬಿಟ್ಟಿದ್ದರು. ಮಾರನೆಯ ದಿನ ನಾನೇ ಹೋಗಿ ಅವರನ್ನು ಕರೆದೆ. ಕಾಲು ತೊಳೆಯಲು ನೀರು ಕೊಡಲಾ ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಹಾಗೇ ಒಳಗೆ ಬನ್ನಿ ಎಂದೆ. ನನಗೆ ಅದೆಷ್ಟು ಕಷ್ಟದ ಮಾತು ಎಂದು ನಿಮಗೆ ಹೇಗೆ ಹೇಳಲಿ.

ನಂಜುಂಡಣ್ಣ ಸೀದಾ ಹೋಗಿ ಗೋಡೆಗೂ ನಮ್ಮವರಿಗೂ ನಡುವೆ ಸ್ಟೂಲು ಎಳೆದುಕೊಂಡು ಕೂತರು.

"ಏನ್ಲಾ ಮಾದೇವ, ಗ್ವಾಡೆ ನೋಡ್ಕಂಡು ಕುಂತಿದ್ದೀಯ," ಎಂದರು. "ಒಸಿ ಇದ ನೋಡ್ಲಾ. ನೀನಿಲ್ದೆ ಒಬ್ನೇ ಹೋಗಿ ಟೋಪಿ ಹಾಕಿಸ್ಕಂಡು ಬಂದ್ಬುಟ್ನೋ ಏನೋ."

ಅಂಗಿಯ ಜೇಬಿನಿಂದ ಒಂದು ಹಿಡಿ ಗೂಡು ತೆಗೆದು ನಮ್ಮವರ ಎಡಗೈಗೆ ಹಾಕಿದರು. ನಮ್ಮವರ ಮೂಗು ಅರಳಿತು. ಬೆರಳು ಆ ಗೂಡುಗಳನ್ನು ಒಂದೊಂದಾಗಿ ಹೊರಳಿಸಿತು. ಎಡಗೈಗೆ ಆ ವಿದ್ಯೆ ಬಾರದು, ಗೂಡು ಎರಡು ಸಲ ಜಾರಿ ಮಡಿಲಿಗೆ ಬಿತ್ತು. ಮೂರನೆಯ ಸಲ ಕಿವಿಯ ತನಕ ಒಯ್ದು ಅಲ್ಲಾಡಿಸಿದರು. ಕೇಳಿದರು. ಆಮೇಲೆ ನಂಜುಂಡಣ್ಣನ ಮುಖವನ್ನೇ ನೋಡಿ, ಗೂಡನ್ನು ಅವರ ಕೈಗೆ ವಾಪಸು ಇಟ್ಟು, ಇಲ್ಲ ಎನ್ನುವ ಹಾಗೆ ತಲೆಯಾಡಿಸಿದರು. ಬಾಯಿ ಮಾತ್ರ 'ಸರಿ' ಎಂದಿತು. ನಂಜುಂಡಣ್ಣ ತೊಡೆ ತಟ್ಟಿಕೊಂಡು ನಕ್ಕರು. ನಮ್ಮವರೂ ನಕ್ಕರು, ಒಂದೇ ಕಡೆಯ ತುಟಿಯಲ್ಲಿ. ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಎಷ್ಟು ದಿನ ಈ ನಗುವನ್ನು ಜಗಲಿಯಿಂದಲೇ ವಾಪಸು ಕಳಿಸಿದ್ದೆನಲ್ಲ ಎಂದು ಸಂಕಟವಾಯಿತು.

ತೊಟ್ಟಿಯನ್ನೂ ಈ ಸಲ ಹೇಳಿದ ಹಾಗೆಯೇ ಕಟ್ಟಿದೆ. ಅಂಗಡಿಯವನು ತನ್ನ ಹಳೆಯ ತೊಟ್ಟಿಯಿಂದ ಒಂದು ಕಲ್ಲು ಕೊಟ್ಟ. ಪಾಚಿ ಹಿಡಿದು, ಲೋಳೆ ಲೋಳೆಯಾಗಿ, ಕೆಟ್ಟ ನಾತದ ಕಲ್ಲು. ತೊಳೆದರೆ ನನ್ನಾಣೆ ಎಂದು ಹೇಳಿ ಕೊಟ್ಟ. ಒಂದೆರಡು ವಾರದಲ್ಲಿ ನೀರಿನೊಳಗೆಲ್ಲ ಕಂದು ಬಣ್ಣದ ಹೊಲಸು ಹಬ್ಬಿತು. ನೆಂಟರು ಬಂದರೆ ನನಗೆ ತೊಟ್ಟಿಯ ಮೇಲೆ ಸೀರೆ ಹೊದಿಸುವಷ್ಟು ನಾಚಿಕೆ. ನಾರು ಹಿಡಿದ ಕೈ ಎಷ್ಟೋ ಸಲ ಗಾಜಿನವರೆಗೆ ಹೋಗಿ ಬಂದಿದೆ. ಅದರ ನಡುವೆ ಇನ್ನೊಂದು ಪೆದ್ದುತನ ಮಾಡಿದೆ. ನೀರು ಆರಿ ಮಟ್ಟ ಇಳಿಯುತ್ತಿತ್ತು, ನಾನು ದಿನಾ ಉಪ್ಪುನೀರನ್ನೇ ಕದಡಿ ತುಂಬಿಸುತ್ತಿದ್ದೆ. ಅಳೆದು ನೋಡಿದರೆ ನೀರು ಉಪ್ಪಿನಕಾಯಿ ಭರಣಿಯಾಗಿತ್ತು. ಅಂಗಡಿಯವನು ಮತ್ತೆ ಪಾಠ ಮಾಡಿದ: ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ, ಬರೀ ಸಿಹಿನೀರು ಹಾಕಿ ಆಂಟಿ. ಇಷ್ಟು ಓದಿ ಬರೆದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮೀನಿಲ್ಲದ ಆ ದಿನಗಳನ್ನು ಹೇಗೆ ಕಳೆಯುವುದು ಎಂದು ಹೆದರಿದ್ದೆನಲ್ಲ, ಅದನ್ನು ನಮ್ಮವರೇ ತೋರಿಸಿಕೊಟ್ಟರು. ಒಂದು ಸಂಜೆ ಅವರ ಎಡಗೈ ಎದ್ದು ಗಾಜಿನ ಮೇಲೆ ಕೂತಿತು. ನಾನು ಬಗ್ಗಿ ನೋಡಿದೆ, ಕಾಣಲಿಲ್ಲ. ಮತ್ತೆ ಬೆರಳು ಒತ್ತಿದರು. ಕಲ್ಲಿನ ತೂತಿನಿಂದ ದಾರದೆಳೆಯಂಥ ಒಂದು ಹುಳು ತಲೆ ಹಾಕಿ ನೋಡುತ್ತಿತ್ತು, ಮೈಯೆಲ್ಲ ಕೂದಲಿನಂಥ ಕಾಲು. ನಾವಿಬ್ಬರೂ ಹುಳುವಿನಿಂದಲೇ ಬದುಕಿದವರು, ಹುಳುವೇ ನಮ್ಮ ಮದುವೆ ಮಾಡಿಸಿದ್ದು. ಕರೆಯದೆ ಅದು ಸಮುದ್ರದಿಂದಲೂ ಬಂದುಬಿಟ್ಟಿತ್ತು. ದಿನ ಕಳೆದಂತೆ ಸಾಸಿವೆಯಷ್ಟು ಶಂಖದ ಹುಳು, ಉಗುರಿನ ಚೂರಿನಷ್ಟು ನಕ್ಷತ್ರದಂಥದ್ದು, ಹೀಗೆ ಒಂದೊಂದೇ ಹೊರಬಂದವು. ನಂಜುಂಡಣ್ಣನೂ ನಮ್ಮವರೂ ಸಂಜೆಯಾದರೆ ತೊಟ್ಟಿಯ ಮುಂದೆ ಕೂತು, ಮಾರುಕಟ್ಟೆಯಲ್ಲಿ ಗೂಡು ನೋಡುತ್ತಿದ್ದ ಗಾಂಭೀರ್ಯದಲ್ಲೇ ಆ ಹೊಲಸನ್ನು ಪರೀಕ್ಷೆ ಮಾಡುತ್ತಿದ್ದರು. ನಾನು ಪೊರಕೆಯನ್ನು ಅವರು ಎದ್ದ ಮೇಲೆಯೇ ತೆಗೆಯುತ್ತಿದ್ದೆ.

ಕಂದು ಬಣ್ಣ ತಾನಾಗಿ ಹೋಯಿತು. ನೀರು ತಿಳಿಯಾಯಿತು, ನಾನು ಉಜ್ಜದೆಯೇ. ಆಗ ಒಂದು ಮೀನು ತಂದೆವು. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಲೋಟ ಲೋಟವಾಗಿ ನಮ್ಮ ನೀರನ್ನು ಅದಕ್ಕೆ ಸೇರಿಸುತ್ತ, ಹೊಸ ಸೊಸೆಯನ್ನು ಹೊಸ್ತಿಲು ದಾಟಿಸುವ ಹಾಗೆ ನಿಧಾನವಾಗಿ ಇಳಿಸಿದೆವು. ಚಿಟಿಕೆ ಆಹಾರ ನಮ್ಮವರ ಕೈಯಿಂದ ಮಾತ್ರ. ನನ್ನ ಕಳ್ಳ ಚಿಟಿಕೆ ನಿಂತಿತು. ಆ ಮೀನು ಸಾಯಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು, ಸಾಯಲಿಲ್ಲ. ಬೆಳಿಗ್ಗೆ ಎದ್ದು ಮೊದಲು ತೊಟ್ಟಿಯ ಹತ್ತಿರ ಓಡುತ್ತಿದ್ದವಳು ಒಂದು ದಿನ ಮರೆತು ಮೊದಲು ಹಾಲು ಕಾಯಿಸಿದೆ. ಆಗಲೇ ನನಗೆ ಗೊತ್ತಾದದ್ದು, ಹೆದರಿಕೆ ಹೋಗಿದೆ ಎಂದು. ನಮ್ಮವರ ಕುರ್ಚಿ ತೊಟ್ಟಿಯ ಬಲ ಮೂಲೆಯ ಪಕ್ಕ ಇರುತ್ತಿತ್ತು. ಕೈ ಗಾಜಿಗೆ ತಾಕಿದರೆ ಸಾಕು, ಮೀನು ಆ ಮೂಲೆಗೆ ಬಂದು ನಿಲ್ಲುತ್ತಿತ್ತು. ಆಮೇಲೆ ಅವರು ನನ್ನ ಕಡೆ ತಿರುಗಿ, ನನ್ನ ಭುಜವನ್ನಲ್ಲ, ನನ್ನನ್ನೇ ನೋಡಿ, ಸರಿ ಎನ್ನುತ್ತಿದ್ದರು. ಅಷ್ಟು ಸಿಕ್ಕಿತು ನನಗೆ. ಸಿಗಲಿಲ್ಲ ಎಂದು ಹೇಳಲಾರೆ.

ಮೀನು ಉಳಿದರೆ ಇವರು ಉಳಿಯುತ್ತಾರೆ ಎಂದು ಲೆಕ್ಕ ಕಟ್ಟಿದ್ದೆನಲ್ಲ, ಅದರಲ್ಲಿ ಅರ್ಧ ನಿಜವಾಯಿತು. ಮೀನು ಉಳಿಯಿತು. ನಮ್ಮವರು ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ, ಊಟ ಮಾಡಿ, ಅದೇ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಹೋಗಿಬಿಟ್ಟರು. ಎರಡನೆಯ ಸಲ ಲಕ್ವ ಹೊಡೆಯಿತು ಎಂದರು ಡಾಕ್ಟರು. ನಾನು ಕಾಫಿ ತಂದಾಗ ಕೈ ಗಾಜಿನಿಂದ ಜಾರಿ ಮಡಿಲಲ್ಲಿತ್ತು. ಮೀನು ಮೂಲೆಯಲ್ಲಿ ಕಾಯುತ್ತಿತ್ತು. ಅವರನ್ನು ಕೂರಿಸಿಕೊಂಡೇ ಹೋಗಿ ನಮ್ಮ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದರು. ಹಣೆ ಎಲ್ಲಿದೆ ಎಂದು ಈ ಸಲ ಹುಡುಕಬೇಕಾಗಿರಲಿಲ್ಲ. ವಿಭೂತಿ ಹಚ್ಚುವಾಗ ನನಗೆ ಕರಿಬೇವಿನ ಗಿಡ ನೆನಪಾಯಿತು, ಅಂಥ ಹೊತ್ತಿನಲ್ಲೂ ನಗು ಬಂದ ಹಾಗಾಯಿತು, ಆಮೇಲೆ ತಡೆಯಲಾಗದ ಅಳು ಬಂತು.

ನಮ್ಮ ಜನಕ್ಕೆ ಸೂತಕವಿಲ್ಲ ಎನ್ನುವುದು ಮಾತಿಗೆ. ಮನೆ ತೊಳೆಯುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ. ಕಾರ್ಯ ಮುಗಿದ ಮೇಲೆ ನಮ್ಮವರ ಅಕ್ಕ, ಮಾಗಡಿಯಿಂದ ಬಂದಿದ್ದ ಗೌರಕ್ಕ, ಹೆಂಗಸರನ್ನು ಕಟ್ಟಿಕೊಂಡು ತೊಳೆಯಲು ನಿಂತರು. ಹಾಸಿಗೆ ಹೊರಗೆ ಹೋಯಿತು, ಕುರ್ಚಿ ಹೊರಗೆ ಹೋಯಿತು. ಬಿಂದಿಗೆ, ಹಂಡೆ, ಡ್ರಮ್ಮು, ಮನೆಯಲ್ಲಿ ನಿಂತಿದ್ದ ನೀರನ್ನೆಲ್ಲ ಚೆಲ್ಲಿದರು. ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆದಾಗ ನಾನು ಮತ್ತೆ ಅವ್ವನ ಮನೆಯ ಹುಡುಗಿಯಾಗಿದ್ದೆ. ಗೌರಕ್ಕ ಬಕೀಟು ಹಿಡಿದು ತೊಟ್ಟಿಯ ಹತ್ತಿರ ಬಂದರು.

"ಸಾವಾದ ಮನೆ ನೀರು ಮಡಗ್ಬಾರ್ದು ಕಣೇ ಮಂಗಳ," ಎಂದರು. "ಇದ್ನೂ ಚೆಲ್ಬುಟ್ಟು ತೊಳೆದಾಕ್ಬುಡಣ."

ಒಂದು ಕಾಲಕ್ಕೆ ಆ ಮಾತು ಹೇಳಬೇಕಾದವಳು ನಾನು. ಎದ್ದು ಹೋಗಿ ತೊಟ್ಟಿಗೆ ಅಡ್ಡ ನಿಂತೆ. ಹುಟ್ಟಿದಾರಭ್ಯ ತೊಳೆಯಬೇಡಿ ಎಂದು ಯಾರಿಗೂ ಹೇಳಿದವಳಲ್ಲ.

"ಇದೊಂದು ಬುಟ್ಬುಡಿ ಅಕ್ಕ," ಎಂದೆ. "ಇದ್ರಲ್ಲಿ ಅವರ ಕೈ ಆಡೈತೆ."

ಗೌರಕ್ಕ ನನ್ನ ಮುಖ ನೋಡಿದರು, ತೊಟ್ಟಿ ನೋಡಿದರು. ಬಕೀಟು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡು, ಆಮೇಲೆ ಅದೇ ಬಕೀಟು ಎತ್ತಿಕೊಂಡು ಬಚ್ಚಲ ಕಡೆ ಹೋದರು.

ನಂಜುಂಡಣ್ಣ ಈಗಲೂ ಸಂಜೆ ಬರುತ್ತಾರೆ. ಅದೇ ಮಣ್ಣು ಕಾಲು, ಅದೇ ನಾತ, ಅದೇ ಸ್ಟೂಲು. ಹೆಚ್ಚು ಮಾತಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಯಾರು ಯಾರಿಗೆ ಟೋಪಿ ಹಾಕಿದರು ಎಂಬುದನ್ನು ಮೀನಿಗೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ. ಮೊನ್ನೆ ಬಗ್ಗಿ ನೋಡಿ, ನೀರು ಕಮ್ಮಿಯಾಗೈತೆ ಕಣಮ್ಮ, ಉಪ್ಪು ಕಲಸಿ ತರ್ಲಾ ಎಂದು ಕೇಳಿದರು.

ಬೇಡ ನಂಜುಂಡಣ್ಣ, ಎಂದೆ. ಉಪ್ಪು ಎಲ್ಲೂ ಹೋಗಿಲ್ಲ, ಅಷ್ಟೂ ಅಲ್ಲೇ ಇದೆ. ದಿನಾ ಒಂದು ಚೊಂಬು ಸಿಹಿನೀರು ಹಾಕಿಕೊಂಡು ಹೋದರೆ ಆಯಿತು.

ಅವರೇ ಎದ್ದು ಹೋಗಿ, ಕೈಯನ್ನೂ ತೊಳೆಯದೆ, ಒಂದು ಚೊಂಬು ತಂದು ಸುರಿದರು.